ಕಾಮಣ್ಣನ ಕೆಂಡ

ಶಿವರಾತ್ರಿ ಅಮಾವಾಸ್ಯೆ ಕಳೆದು, ಪಡುವಣದಲ್ಲಿ ಕೂದಲೆಳೆಯಷ್ಟು ಚಂದ್ರ ಕಂಡ ಸಂಜೆಯಿಂದ ನಮ್ಮೂರಲ್ಲಿ ಹೋಳಿಯ ಹಲಗಿ ಸಪ್ಪಳ ಶುರುವಾಗುತ್ತದೆ. ನಮ್ಮದು ನವಲಗುಂದ ಸೀಮೆ, ಎರೆಹೊಲದ ನಾಡು. ಅಷ್ಟೊತ್ತಿಗೆ ಕಡಲೆ ಕಿತ್ತಾಗಿರುತ್ತದೆ, ಜೋಳದ ರಾಶಿ ನಡೆದಿರುತ್ತದೆ, ಹೊಲದಲ್ಲಿ ನೆಲ ಬಿರಿದು ಕಾಲು ಹೋಗುವಷ್ಟು ಸಂದು ಬಿಟ್ಟಿರುತ್ತದೆ. ಹುಡುಗರು ಓಣಿಯ ಮೂಲೆಯಲ್ಲಿ ಜೋಳದ ರವದಿಗೆ ಬೆಂಕಿ ಹಚ್ಚಿ, ಹಲಗಿಯ ಚರ್ಮವನ್ನು ಆ ಉರಿಗೆ ಹಿಡಿದು ತಿರುಗಿಸಿ ತಿರುಗಿಸಿ ಕಾಸುತ್ತಾರೆ. ಬೆರಳಿನಿಂದ ತಟ್ಟಿ ನೋಡುತ್ತಾರೆ. ಮೆತ್ತಗಿದ್ದ ದನಿ ಬಿಗಿಯುತ್ತಾ ಬಿಗಿಯುತ್ತಾ ಕಡೆಗೊಮ್ಮೆ ಖಣ್ ಎನ್ನುತ್ತದೆ. ಆ ಖಣ್ ಕೇಳಿದ ಕೂಡಲೇ ಒಳಗಿದ್ದ ಹೆಣ್ಣುಮಕ್ಕಳು, "ಕಾಮಣ್ಣ ಬಂದ್ನವಾ, ಕುಳ್ಳು ಒಳಗ ಇಡ್ರಿ" ಎನ್ನುತ್ತಾರೆ.

ಒಳಗಿಟ್ಟರೂ ಹೋಗುವುದು ತಪ್ಪುವುದಿಲ್ಲ. ಫಾಲ್ಗುಣ ಹುಣ್ಣಿಮೆಯವರೆಗೆ ಸುಮಾರು ಹದಿನೈದು ದಿನ ಹಿತ್ತಲಲ್ಲಿ ಒಟ್ಟಿದ ಕುಳ್ಳು, ಕಟ್ಟಿಗೆ, ಮುರಿದ ನೇಗಿಲು, ಏಣಿಯ ಮೆಟ್ಟಿಲು, ಎಲ್ಲವೂ ಕಾಮಣ್ಣನ ಪಾಲು. ಕಾಮಣ್ಣನ ಮಕ್ಕಳೆಂದು ತಮಗೆ ತಾವೇ ಹೆಸರಿಟ್ಟುಕೊಂಡು, ಏನು ಕದ್ದೆವು, ಯಾಕೆ ಕದ್ದೆವು ಎಂದು ತಾವೇ ಕೇಳಿ ತಾವೇ ಉತ್ತರ ಕೊಡುತ್ತಾ ಓಣಿ ತುಂಬ ಓಡಾಡುವ ಹುಡುಗರನ್ನು ಯಾರೂ ಕಳ್ಳರೆನ್ನುವುದಿಲ್ಲ. ನನ್ನ ಅಪ್ಪ ಒಂದು ವರ್ಷ ಹಳೆಯ ಕೂರಿಗೆಯ ಮರ ಹೋಯಿತೆಂದು ಸಿಟ್ಟಾಗಿದ್ದರು. ಆದರೆ ಹುಣ್ಣಿಮೆಯ ರಾತ್ರಿ ಅದು ಚಿತೆಯ ಮೇಲೆ ಉರಿಯುವುದನ್ನು ಕಂಡು ಕೈಮುಗಿದರು. ಮನೆಯ ವಸ್ತುವೊಂದು ಅಲ್ಲಿ ಸೇರಬೇಕು, ಸೇರದಿದ್ದರೆ ಮನೆಗೇ ಕೊರತೆ ಎಂಬ ಭಾವನೆ ಅದು.

ಹೋಳಿ ಎಂದರೆ ಬಹಳ ಮಂದಿಗೆ ಹೋಲಿಕಾ ಎಂಬ ರಾಕ್ಷಸಿ, ಪ್ರಹ್ಲಾದ ನೆನಪಾಗುತ್ತಾರೆ. ಅದು ಉತ್ತರದವರ ಕಥೆ. ನಮ್ಮ ಕಡೆ ಸುಡುವುದು ಕಾಮನನ್ನು. ಅದಕ್ಕೇ ಇದು ಕಾಮನ ಹುಣ್ಣಿಮೆ.

ತಾರಕಾಸುರನಿಗೆ ಶಿವನ ಮಗನಿಂದಲ್ಲದೆ ಸಾವಿಲ್ಲ. ಶಿವನೋ ಸತಿಯನ್ನು ಕಳೆದುಕೊಂಡು ಕಣ್ಣು ಮುಚ್ಚಿ ಕುಳಿತಿದ್ದಾನೆ. ದೇವತೆಗಳೆಲ್ಲ ಸೇರಿ ಕಾಮನನ್ನು ಕಳಿಸಿದರು. ಕಬ್ಬಿನ ಬಿಲ್ಲು, ದುಂಬಿಗಳ ಹೆದೆ, 5 ಹೂವಿನ ಬಾಣ, ಜೊತೆಗೆ ಗೆಳೆಯ ವಸಂತ. ಹೇಳಿ ಕಳಿಸಿದವನು ಇಂದ್ರ, ಸುಟ್ಟು ಬೂದಿಯಾದವನು ಕಾಮ. ಕಾಳಿದಾಸನ ಕುಮಾರಸಂಭವದ 3ನೇ ಸರ್ಗದಲ್ಲಿ ದೇವತೆಗಳು ಆಕಾಶದಿಂದ ಸಿಟ್ಟು ತಡೆದುಕೋ ಪ್ರಭುವೇ ಎಂದು ಕೂಗುವ ಮೊದಲೇ ಹಣೆಗಣ್ಣಿನ ಬೆಂಕಿ ತನ್ನ ಕೆಲಸ ಮುಗಿಸಿರುತ್ತದೆ. ನಮ್ಮ ಹರಿಹರನೂ ಗಿರಿಜಾಕಲ್ಯಾಣದಲ್ಲಿ ಈ ಕಥೆಯನ್ನು ಹೇಳಿದ್ದಾನೆ. ಅವನು ಹಂಪಿಯ ವಿರೂಪಾಕ್ಷನ ಭಕ್ತ, ಮತ್ತು ಹಂಪಿಯವರ ಪಾಲಿಗೆ ಇದು ಎಲ್ಲೋ ಹಿಮಾಲಯದಲ್ಲಿ ನಡೆದದ್ದಲ್ಲ. ಶಿವ ತಪಸ್ಸಿಗೆ ಕುಳಿತದ್ದು ಅವರ ಹೇಮಕೂಟದ ಮೇಲೆ, ಕಾಮ ಬೂದಿಯಾದದ್ದೂ ಅಲ್ಲೇ. ವಿರೂಪಾಕ್ಷನ ಗುಡಿಯ ಉತ್ತರಕ್ಕೆ ಮನ್ಮಥ ಹೊಂಡವಿದೆ. ಒಮ್ಮೆ ಅಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದಾಗ, ಸುಟ್ಟವನ ಗುಡಿಯ ಪಕ್ಕದಲ್ಲೇ ಸುಡಿಸಿಕೊಂಡವನ ಹೆಸರಿನ ನೀರು ಇದೆಯಲ್ಲ ಎಂದು ಬಹಳ ಹೊತ್ತು ಎದ್ದೇಳಲಾಗಲಿಲ್ಲ.

ಇನ್ನೊಂದು ಕಥೆ ಭವಿಷ್ಯ ಪುರಾಣದ್ದು. ಢುಂಢಾ ಎಂಬ ರಾಕ್ಷಸಿ ಮಕ್ಕಳನ್ನು ಕಾಡುತ್ತಿದ್ದಳಂತೆ. ಬೆಂಕಿ ಹಾಕಿ, ಮಕ್ಕಳೆಲ್ಲ ಗದ್ದಲವೆಬ್ಬಿಸಿ, ಬಾಯಿಗೆ ಬಂದದ್ದು ಕೂಗಿದರೆ ಅವಳು ಓಡಿಹೋಗುತ್ತಾಳೆಂದು ರಘುರಾಜನಿಗೆ ಉಪಾಯ ಸಿಕ್ಕಿತಂತೆ. ಹುಡುಗರ ಕೂಗಾಟಕ್ಕೆ ಪುರಾಣದ ಅಪ್ಪಣೆಯೇ ಇದೆ ಎಂದಾಯಿತು. ನಮ್ಮ ಲಂಬಾಣಿ ತಾಂಡಾಗಳಲ್ಲಿ ಆ ವರ್ಷ ಹುಟ್ಟಿದ ಗಂಡುಮಗುವಿಗೆ ಹೋಳಿಯ ಹೊತ್ತಿಗೆ ಮಾಡುವ ಶಾಸ್ತ್ರಕ್ಕೂ ಧೂಂಡ್ ಎನ್ನುತ್ತಾರೆ. ಆ ಹೆಸರು ಕೇಳಿದಾಗಲೆಲ್ಲ ನನಗೆ ಈ ಢುಂಢೆ ನೆನಪಾಗುತ್ತಾಳೆ.

ಆದರೆ ಗದ್ದಲವೆಲ್ಲ ಒಂದೇ ಅಲ್ಲ. ಚಿತೆಗೆ ಬೆಂಕಿ ಬಿದ್ದ ಮೇಲೆ ನಮ್ಮ ಕಡೆ ಒಂದು ಕೂಗು ಏಳುತ್ತದೆ. ಅಂಗೈಯನ್ನು ಬಾಯಿಗೆ ಬಡಿದುಕೊಳ್ಳುತ್ತಾ ಲಬೋ ಲಬೋ ಎಂದು ಹೊಯ್ಕೊಳ್ಳುವುದು. ಸಣ್ಣವರು, ದೊಡ್ಡವರು, ಮೀಸೆ ಬೆಳ್ಳಗಾದ ಹಿರಿಯರು ಕೂಡ. ನೋಡುವವರಿಗೆ ನಗು ಬರುತ್ತದೆ. ನಾನೂ ತಂಗಿಯೂ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಒಂದು ವರ್ಷ ದೊಡ್ಡವ್ವ ಹಿಂದಿನಿಂದ ಬಂದು ಇಬ್ಬರ ಹೆಗಲ ಮೇಲೂ ಕೈಯಿಟ್ಟಳು.

"ನಗಬ್ಯಾಡ್ರವಾ. ಅದು ರತಿ ಅತ್ತ ದನಿ. ಆಕಿ ಒಬ್ಬಾಕೇ ಅಳಬಾರದಂತ ಊರ ಮಂದಿ ಆಕಿ ಜೋಡಿ ಬಾಯಿ ಬಡಕೊಳ್ತಾರ."

ದೊಡ್ಡವ್ವನ ಗಂಡ, ಅಂದರೆ ನನ್ನ ದೊಡ್ಡಪ್ಪ, ಅವಳಿಗೆ 22 ವರ್ಷವಿದ್ದಾಗ ತೀರಿಕೊಂಡಿದ್ದ. ನಾವು ಅವನನ್ನು ನೋಡಿಲ್ಲ. ಆಕೆ ಓದು ಬಲ್ಲವಳಲ್ಲ. ಕುಮಾರಸಂಭವದ 4ನೇ ಸರ್ಗ ಪೂರ್ತಿ ರತಿಯ ಅಳುವೇ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಬೂದಿಯಾದ ಗಂಡನ ಮುಂದೆ ಬಿದ್ದು ಹೊರಳಿ, ನನಗೂ ಚಿತೆ ಹಚ್ಚು ಎಂದು ಅವಳು ವಸಂತನನ್ನು ಬೇಡುತ್ತಾಳೆ. ಆಗ ಆಕಾಶವಾಣಿ ತಡೆಯುತ್ತದೆ: ಶಿವ ಪಾರ್ವತಿಯ ಕೈ ಹಿಡಿದ ದಿನ ನಿನ್ನ ಗಂಡ ನಿನಗೆ ಸಿಗುತ್ತಾನೆ, ದೇಹ ಉಳಿಸಿಕೋ ಎಂದು. ಅದನ್ನು ಓದುವಾಗ ನನ್ನ ಕಿವಿಯಲ್ಲಿದ್ದದ್ದು ಸಂಸ್ಕೃತವಲ್ಲ, ದೊಡ್ಡವ್ವನ ಆ ಮಾತು.

ನಮ್ಮ ಮನೆಯಲ್ಲಿ ಮದುವೆ, ಸೀಮಂತ, ಉಡಿ ತುಂಬುವುದು ಏನೇ ಇದ್ದರೂ ದೊಡ್ಡವ್ವ ಅಡುಗೆಮನೆ ಬಿಟ್ಟು ಬರುತ್ತಿರಲಿಲ್ಲ. ಬಾ ಎಂದರೂ ಬರುತ್ತಿರಲಿಲ್ಲ. ಯಾರೂ ಬಹಳ ಒತ್ತಾಯ ಮಾಡುತ್ತಲೂ ಇರಲಿಲ್ಲ ಎನ್ನುವುದನ್ನು ಈಗ ನೋವಿನಿಂದ ನೆನೆಯುತ್ತೇನೆ. ಆದರೆ ಕಾಮನ ಹುಣ್ಣಿಮೆಯ ರಾತ್ರಿ ಕುಳ್ಳು ಹಿಡಿದು ಎಲ್ಲರಿಗಿಂತ ಮೊದಲು ಕಾಮನಕಟ್ಟೆಗೆ ಹೋಗುತ್ತಿದ್ದವಳು ಅವಳೇ. ಅಲ್ಲಿ ಅವಳನ್ನು ಹಿಂದೆ ನಿಲ್ಲು ಎಂದವರನ್ನು ನಾನು ಕಾಣಲಿಲ್ಲ.

ಈ ಹಬ್ಬದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೆಂಕಿ ನಡೆಯುವ ದಾರಿ. ಎಷ್ಟೋ ಊರುಗಳಲ್ಲಿ ಕಾಮನ ಚಿತೆಗೆ ಮೊದಲ ಬೆಂಕಿ ಬರುವುದು ದಲಿತರ ಕೇರಿಯಿಂದ. ನಮ್ಮೂರಲ್ಲೂ ಹಾಗೆಯೇ. ಊರ ಹಿರಿಯರು ಹಲಗಿ ಬಾರಿಸಿಕೊಂಡು ಕೇರಿಯ ಒಂದು ಮನೆಗೆ ಹೋಗಿ, ಅಲ್ಲಿ ನಿಂತು ಬೆಂಕಿ ಬೇಡಿ ತರಬೇಕು. ಬೇರೆ ಬೆಂಕಿ ನಡೆಯುವುದಿಲ್ಲ. ಆ ಬೆಂಕಿ ಚಿತೆಗೆ ಬೀಳುತ್ತದೆ. ಚಿತೆಯಿಂದ ಪ್ರತಿ ಮನೆಯವರೂ ಕುಳ್ಳಿನ ಅಂಚಿಗೆ ಕೆಂಡ ಹತ್ತಿಸಿಕೊಂಡು ಬಂದು ತಮ್ಮ ಒಲೆಗೆ ಹಾಕುತ್ತಾರೆ. ಅಂದರೆ ಊರಿನ ಅಷ್ಟೂ ಒಲೆಗಳಲ್ಲಿ ಆ ರಾತ್ರಿ ಉರಿಯುವುದು ಕೇರಿಯ ಆ ಒಂದು ಮನೆಯ ಬೆಂಕಿ. ಆ ಮನೆಯವರನ್ನು ಹೊಸ್ತಿಲು ದಾಟಿಸದಿದ್ದ ಕಾಲದಲ್ಲೂ ಅವರ ಬೆಂಕಿ ಅಡುಗೆಮನೆಯ ತನಕ ಬಂದಿತ್ತು. ಬೆಂಕಿಯನ್ನು ಒಳಗೆ ಕರೆದವರು ಅದನ್ನು ಕೊಟ್ಟವರನ್ನು ಹೊರಗೆ ನಿಲ್ಲಿಸಿದರು. ಶಿವನ ಎದುರು ಇದಕ್ಕೆ ನಮ್ಮ ಹತ್ತಿರ ಉತ್ತರವಿಲ್ಲ. ಬೆಂಕಿ ತರಲು ಹೋದಾಗ ತಲೆ ಬಾಗಿಸಿ ನಿಲ್ಲುವ ಆ ಗಳಿಗೆಯನ್ನು ವರ್ಷದ ಉಳಿದ ದಿನಗಳಿಗೂ ತಂದುಕೊಳ್ಳಬೇಕೆಂದು ನಾನು ಪ್ರತಿ ಸಲ ಬೇಡಿಕೊಳ್ಳುತ್ತೇನೆ.

ನಮ್ಮ ಓಣಿಯಲ್ಲಿ ಚಿತೆಯ ನಡುವೆ ಒಂದು ಔಡಲ ಗಿಡ ನೆಡುತ್ತಾರೆ. ಸುತ್ತ ಕುಳ್ಳು, ಅದರ ಮೇಲೆ ಕಟ್ಟಿಗೆ, ತುದಿಯಲ್ಲಿ ಕಾಗದದ ಕಾಮಣ್ಣ. ಮೊದಲು ಅವನಿಗೆ ಪೂಜೆ, ಹೋಳಿಗೆ ನೈವೇದ್ಯ, ಕಾಯಿ ಒಡೆಯುವುದು, ಆರತಿ. ಸುಡುವವನಿಗೆ ಪೂಜೆ ಯಾಕೆ ಎಂದು ಕೇಳುವವರಿದ್ದಾರೆ. ಅವನು ತನಗಾಗಿ ಹೋದವನಲ್ಲ, ಲೋಕದ ಕೆಲಸಕ್ಕೆ ಹೋದವನು. ಅವನು ಹೋಗದಿದ್ದರೆ ಷಣ್ಮುಖ ಹುಟ್ಟುತ್ತಿರಲಿಲ್ಲ, ತಾರಕ ಸಾಯುತ್ತಿರಲಿಲ್ಲ. ಶಿವ ಸುಟ್ಟದ್ದು ಅವನ ಮೈಯನ್ನು, ಅವನನ್ನಲ್ಲ. ಅನಂಗನಾಗಿ, ಮೈಯಿಲ್ಲದೆಯೇ ಅವನು ಉಳಿದ.

ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಳಿ ಹೊತ್ತಿಗೆ ಅಲ್ಲಿ ದೂರ ದೂರದ ಊರುಗಳಿಂದ ಬಂದವರ ಸಾಲು ಓಣಿ ದಾಟಿ ನಿಂತಿರುತ್ತದೆ. ಮಕ್ಕಳಾಗದವರು ತೊಟ್ಟಿಲಿನ ಹರಕೆ, ಲಗ್ನವಾಗದವರು ಬಾಸಿಂಗದ ಹರಕೆ ಹೊರುತ್ತಾರೆ. ಈಡೇರಿದವರು ಬೆಳ್ಳಿಯಲ್ಲಿ ಮಾಡಿಸಿ ತಂದು ಒಪ್ಪಿಸುತ್ತಾರೆ. ನನ್ನ ಲಗ್ನ ಮೂರು ಕಡೆ ಮುರಿದಾಗ ಅವ್ವ ಅಲ್ಲಿಗೆ ಹೋಗಿ ಬೇಡಿಕೊಂಡಿದ್ದಳು. ಮರುವರ್ಷ ಗಂಡನ ಜೊತೆ ಆ ಸಾಲಿನಲ್ಲಿ ನಿಂತಾಗ ನನ್ನ ಮುಂದೆ ಒಬ್ಬಾಕೆ ಅಂಗೈಯಷ್ಟು ಬೆಳ್ಳಿ ತೊಟ್ಟಿಲನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಸಾಲು ಒಂದು ಹೆಜ್ಜೆ ಮುಂದೆ ಹೋದಾಗಲೆಲ್ಲ ಸೆರಗು ಬಿಚ್ಚಿ ನೋಡಿ ಮತ್ತೆ ಮುಚ್ಚುತ್ತಿದ್ದಳು, ಒಳಗೆ ಕೂಸು ಮಲಗಿದೆಯೇನೋ ಎನ್ನುವಂತೆ.

ಕೆಂಡ ಮನೆಗೆ ತರುವ ಶಾಸ್ತ್ರದ ಅರ್ಥ ನನಗೆ ಬಹಳ ತಡವಾಗಿ ಹೊಳೆಯಿತು, ಭಾಗವತದ 10ನೇ ಸ್ಕಂಧ ಓದುವಾಗ. ಸುಟ್ಟುಹೋದ ಕಾಮ ಕೃಷ್ಣ ರುಕ್ಮಿಣಿಯರ ಮಗ ಪ್ರದ್ಯುಮ್ನನಾಗಿ ಹುಟ್ಟುತ್ತಾನೆ. ಶಂಬರಾಸುರ ಆ ಹಸುಗೂಸನ್ನು ಕದ್ದು ಕಡಲಿಗೆ ಎಸೆಯುತ್ತಾನೆ. ಮೀನು ನುಂಗುತ್ತದೆ. ಬೆಸ್ತರು ಆ ಮೀನನ್ನು ಹಿಡಿದು ಶಂಬರನಿಗೇ ಕಾಣಿಕೆ ಕೊಡುತ್ತಾರೆ. ಅಡುಗೆಯವರು ಕೊಯ್ದಾಗ ಹೊಟ್ಟೆಯಲ್ಲಿ ಕೂಸು. ಆ ಕೂಸನ್ನು ಅವರು ಕೊಡುವುದು ಮಾಯಾವತಿಯ ಕೈಗೆ. ಆಕೆಯೇ ರತಿ. ಗಂಡನಿಗೆ ಮತ್ತೆ ಮೈ ಬರುವುದನ್ನು ಕಾಯುತ್ತಾ ಅವಳು ಅಷ್ಟು ಕಾಲ ಮಾಡುತ್ತಿದ್ದ ಕೆಲಸವೇನು? ಶಂಬರನ ಮನೆಯಲ್ಲಿ ಅನ್ನ ತೊವ್ವೆ ಬೇಯಿಸುವುದು.

ಪುಸ್ತಕ ಮುಚ್ಚಿಟ್ಟು ಎದ್ದು ಹೋದೆ. ಕಣ್ಣ ಮುಂದೆ ಬಂದದ್ದು ನಮ್ಮ ಹಳೆಯ ಅಡುಗೆಮನೆ. ಕಾಮ ಹೊರಗೆ ಕಟ್ಟೆಯ ಮೇಲೆ ಬೂದಿಯಾಗುತ್ತಾನೆ, ಒಲೆಯ ಹತ್ತಿರ ತಿರುಗಿ ಬರುತ್ತಾನೆ. ಕೆಂಡ ಹಿಡಿದು ಕತ್ತಲಲ್ಲಿ ದಾಪುಗಾಲು ಹಾಕಿ ಬರುತ್ತಿದ್ದ ದೊಡ್ಡವ್ವ ಏನನ್ನು ಮನೆಗೆ ತರುತ್ತಿದ್ದಳೆಂದು ಆ ದಿನ ತಿಳಿಯಿತು. ಅವಳಿಗೆ ಈ ಕಥೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳುವಷ್ಟರಲ್ಲಿ ಅವಳಿರಲಿಲ್ಲ.

ಈಗೀಗ ಹಲವು ಕಡೆ ಚಿತೆಗೆ ಹಳೆಯ ಟೈರು, ಪ್ಲಾಸ್ಟಿಕ್ಕು ಹಾಕುತ್ತಾರೆ. ಬೇಗ ಹೊತ್ತುತ್ತದೆ, ಎತ್ತರ ಉರಿಯುತ್ತದೆ. ಆದರೆ ಮರುದಿನ ಆ ಬೂದಿಯನ್ನು ಹಣೆಗೆ ಹಚ್ಚಿಕೊಳ್ಳಲು ಬರುತ್ತದೆಯೇ? ಆ ಕೆಂಡದಲ್ಲಿ ಕಡಲೆ ಸುಟ್ಟು ಮಕ್ಕಳ ಬಾಯಿಗೆ ಹಾಕಲು ಬರುತ್ತದೆಯೇ? ಕಾಮಣ್ಣನ ಹೆಸರಲ್ಲಿ ಹಸಿಮರ ಕಡಿಯುವುದೂ, ಬಣ್ಣದ ನೆಪದಲ್ಲಿ ಹೆಣ್ಣುಮಕ್ಕಳ ಮೈಮೇಲೆ ಬೀಳುವುದೂ ಹಾಗೆಯೇ. ರತಿಗಾಗಿ ಅತ್ತ ರಾತ್ರಿಯ ಮರುದಿನ ಅದು ಯಾವ ಭಕ್ತಿ? ಹುಡುಗರೇ, ಕೈಮುಗಿದು ಕೇಳುತ್ತೇನೆ, ಕುಳ್ಳು ಕದಿಯಿರಿ, ನಮ್ಮ ಮನೆಯದನ್ನೇ ಕದಿಯಿರಿ. ಟೈರು ಬೇಡ.

ಕಳೆದ ವರ್ಷ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಅಣ್ಣನ ಮನೆಯಲ್ಲಿ ಈಗ ಗ್ಯಾಸು. ಹಿತ್ತಲ ನೀರೊಲೆ ಮಾತ್ರ ಉಳಿದಿದೆ. ವೈನಿ ಒಂದು ಕುಳ್ಳು ಕೈಗಿತ್ತು, "ಈ ಸಲ ನೀವ ಹೋಗ್ರಿ" ಎಂದರು. ಕಾಮನಕಟ್ಟೆಯಲ್ಲಿ ಉರಿ ಇಳಿದು ಕೆಂಡ ನಿಗಿನಿಗಿ ಎನ್ನುತ್ತಿತ್ತು. ಕುಳ್ಳಿನ ಅಂಚು ಹತ್ತಿಸಿಕೊಂಡೆ. ಗಾಳಿಗೆ ಆರದಂತೆ ಸೆರಗು ಮರೆಮಾಡಿ, ತೀರ ಹತ್ತಿರ ಹಿಡಿದರೆ ಕಿಡಿ ಹಾರುತ್ತದೆಂದು ಕೈ ಚಾಚಿ, ಅರ್ಧ ಓಡುತ್ತಾ ಅರ್ಧ ನಡೆಯುತ್ತಾ ಬಂದೆ. ನೀರೊಲೆಗೆ ಕೆಂಡವಿಟ್ಟು ಎರಡು ಸಲ ಊದಿದಾಗ ಒಳಗಿದ್ದ ತೊಗರಿಕಟ್ಟಿಗೆ ಹೊತ್ತಿತು. ತವೆಯ ಮೇಲೆ ಒಂದು ಹಿಡಿ ಕಡಲೆ ಹಾಕಿದೆ. ಕಾಮನ ಬೆಂಕಿಯಲ್ಲಿ ಸುಟ್ಟ ಕಡಲೆ ತಿಂದರೆ ಹಲ್ಲು ಗಟ್ಟಿಯಾಗುತ್ತವೆ ಎನ್ನುತ್ತಾರೆ ನಮ್ಮಲ್ಲಿ.

ಹೊಯ್ಕೊಂಡ ಬಾಯಿಗೆ ಹೋಳಿಗಿ ತುಪ್ಪ ಎಂಬ ಗಾದೆಯಂತೆ ಒಳಗೆ ವೈನಿ ಎಲೆ ಹಾಕುತ್ತಿದ್ದರು. ಆದರೆ ಅಣ್ಣನ ಮಗ ನೇರ ಹಿತ್ತಲಿಗೇ ಓಡಿ ಬಂದ. ಹೊಯ್ಕೊಂಡು ಹೊಯ್ಕೊಂಡು ಅವನ ದನಿ ಬಿದ್ದುಹೋಗಿತ್ತು, ತುಟಿಯ ಸುತ್ತ ಕೆಂಪಾಗಿತ್ತು. ಬೂದಿ ಮೆತ್ತಿದ ಅಂಗೈ ಚಾಚಿದ. ಸಿಪ್ಪೆ ಸಿಡಿದ ಕಡಲೆಯನ್ನು ಊದಿ ಊದಿ ಕೊಟ್ಟೆ. ಕಟುಂ ಎಂದು ಕಡಿದು, "ಅತ್ತಿ, ಇನ್ನಷ್ಟು" ಎಂದ. ತವೆಗೆ ಇನ್ನೊಂದು ಹಿಡಿ ಹಾಕಿದೆ.