ಗೊತ್ತಿದ್ದೂ ಸುಮ್ಮನಿದ್ದೆ

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ನನ್ನ ಕೆಲಸ. ತೋಟಗಳಿಂದ ಬಂದ ಚೀಲ ತೂಗಿಸಿ, ತೇವ ನೋಡಿ ಒಳಗೆ ಬಿಡುವುದು. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಹೊರಸಿಪ್ಪೆ ಸುಲಿದು ತೊಳೆದು ಒಣಗಿಸಿದ ಕಾಫಿ, ಆದರೆ ತೇವ ಶೇ. 10ರ ಆಸುಪಾಸಿನಲ್ಲಿರಬೇಕು. 12 ದಾಟಿತೋ, ಗೋಡೌನಿನಲ್ಲಿ ಬೂಷ್ಟು ಹಿಡಿಯುವ ಭಯ.

ಮೂರು ವರ್ಷದ ಹಿಂದೆ ಒಬ್ಬ ಹುಡುಗ ಹೊಸದಾಗಿ ಸೇರಿದ. ನಮ್ಮ ಚರ್ಚಿನವನೇ. ಚೀಲದ ಹೊಟ್ಟೆಗೆ ಕೊಳವೆ ಚುಚ್ಚಿ, ನಾಲ್ಕಾರು ಚೀಲದ ಕಾಳು ಬೆರೆಸಿ ಮೀಟರಿಗೆ ಹಾಕಬೇಕು. ಇವನು ಮೇಲಿದ್ದ ಚೀಲದ ಬಾಯಿಂದ ಒಂದು ಹಿಡಿ ತೆಗೆದು, ಮೀಟರ್ ತೋರಿಸಿದ್ದನ್ನು ಬರೆದುಬಿಡುತ್ತಿದ್ದ. ಫೆಬ್ರವರಿ ತಿಂಗಳು, ಹೊರಗೆ ಲಾರಿ ಸಾಲು, ಎಲ್ಲರಿಗೂ ಅವಸರ. ನಾನು ನೋಡಿದೆ, ಒಂದಲ್ಲ ಹತ್ತು ಸಲ. ಹೇಳಲಿಲ್ಲ. ಅವನ ತಾಯಿ ಭಾನುವಾರ ನನ್ನ ಹೆಂಡತಿ ಪಕ್ಕದಲ್ಲೇ ಕೂರುತ್ತಾರೆ, ಮನೆಗೆ ಇವನದೊಂದೇ ಸಂಬಳ, ನಾನ್ಯಾಕೆ ನೋಯಿಸಲಿ ಅಂದುಕೊಂಡೆ. ಅದನ್ನೇ ಪ್ರೀತಿ ಅಂತ ಬೇರೆ ತಿಳಿದಿದ್ದೆ ನೋಡಿ!

ಮಾರ್ಚಿನಲ್ಲಿ ಒಂದು ಲಾಟ್ ಬಿಚ್ಚಿದರೆ ಮುಗ್ಗಲು ವಾಸನೆ. ಮ್ಯಾನೇಜರ್ ಅವನಿಗೆ ಎಲ್ಲರೆದುರೇ ಬೈದರು. ಸಂಜೆ ಗೇಟಿನ ಹತ್ತಿರ ಅವನು ಕೇಳಿದ, "ಅಣ್ಣಾ, ನಿಮಗೆ ಮೊದಲೇ ಗೊತ್ತಿತ್ತಾ?"

ಗೊತ್ತಿತ್ತು ಅಂದೆ.

"ಒಂದು ಮಾತು ಹೇಳಬಹುದಿತ್ತಲ್ಲ."

ಸಹೋದರ ತಪ್ಪು ಮಾಡಿದರೆ ಹೋಗಿ, ನೀವಿಬ್ಬರೇ ಇರುವಾಗ ತಿಳಿಸು ಅಂತ ಯೇಸುಸ್ವಾಮಿ ಹೇಳಿದ್ದು ಮತ್ತಾಯ 18:15ರಲ್ಲಿದೆ. ನಾಲ್ಕು ಜನರ ಮುಂದೆ ಆಡಬಾರದು ಅನ್ನುವಷ್ಟನ್ನು ಹಿಡಿದುಕೊಂಡು, 'ಹೋಗು' ಅನ್ನುವುದನ್ನೇ ಬಿಟ್ಟಿದ್ದೆ. ಪ್ರವಾದಿ ನಾತಾನ ಹೋದ. ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿ ಬತ್ಷೆಬೆಯನ್ನು ಮದುವೆಯಾದ ರಾಜ ದಾವೀದನ ಮುಂದೆ ನಿಂತು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕತೆ ಹೇಳಿ, 'ಆ ಮನುಷ್ಯ ನೀನೇ' ಅಂದ. ತಲೆ ಹೋಗುವ ಮಾತು ಅದು, ಅಲ್ವಾ? ಆಮೇಲೆ ದಾವೀದನಿಗೂ ಬತ್ಷೆಬೆಗೂ ಹುಟ್ಟಿದ ಮಕ್ಕಳಲ್ಲಿ ಒಬ್ಬನ ಹೆಸರೂ ನಾತಾನ. ಸುಮ್ನೆ ಇಟ್ಟ ಹೆಸರಲ್ಲ ಅಂತ ನನ್ನ ಲೆಕ್ಕ.

ಮರುದಿನ ಹುಡುಗನ ಹತ್ತಿರ ಕ್ಷಮೆ ಕೇಳಿದೆ. ಕೊಳವೆ ಎಷ್ಟು ಆಳಕ್ಕೆ ಹೋಗಬೇಕು ಅಂತ ಅವನ ಕೈ ಹಿಡಿದೇ ತೋರಿಸಿದೆ. ಮೊದಲ ವಾರ ಮುಖ ದಪ್ಪ ಮಾಡಿಕೊಂಡಿದ್ದ, ಆಮೇಲೆ ಸರಿಹೋಯಿತು.

ಈ ಸೀಸನ್‌ನಲ್ಲಿ ಒಂದು ದಿನ ಅವನೇ ನನ್ನನ್ನು ಗೋಡೌನಿನ ಮೂಲೆಗೆ ಕರೆದ. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ನೀವು ಬರೆದ ಸ್ಲಿಪ್‌ನಲ್ಲಿ ಚೆರ್ರಿ ಇರಬೇಕಾದ ಕಡೆ ಪಾರ್ಚ್‌ಮೆಂಟ್ ಅಂತ ಇದೆ." ಚೆರ್ರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಅದೇ ಬೇರೆ. ಕಿವಿ ಬಿಸಿಯಾಯಿತು, ಸುಳ್ಳು ಯಾಕೆ ಹೇಳಲಿ. ಲಾರಿ ಗೇಟು ದಾಟುವ ಮೊದಲು ಓಡಿಹೋಗಿ ತಿದ್ದಿ ಬಂದೆ.