ಬಿಇ ಜೊತೆಗೆ ಬಿಬಿಎನೂ ಮಾಡಬಹುದಾ?

ಮಾಡಬಹುದು. ಒಟ್ಟಿಗೆ ಎರಡು ಪದವಿ ಓದಲು 2022ರ ಏಪ್ರಿಲ್‌ನಲ್ಲೇ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿಗೆ ಕೊಟ್ಟಾಗಿದೆ. ಎರಡೂ ರೆಗ್ಯುಲರ್ ಆದರೆ ತರಗತಿಗಳ ಹೊತ್ತು ಒಂದರ ಮೇಲೊಂದು ಬೀಳಬಾರದು. ಇಲ್ಲವೇ ಒಂದು ರೆಗ್ಯುಲರ್, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನ್. ಆದರೆ ಬಿಇ ನಡೆಸುವ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಶೇ 85 ಹಾಜರಿ ಕೇಳುತ್ತದೆ, ಮೇಲೆ ಲ್ಯಾಬ್‌ಗಳು ಬೇರೆ. ಎರಡು ರೆಗ್ಯುಲರ್ ಆಸೆ ಬಿಟ್ಟುಬಿಡಿ. ಉಳಿಯುವುದು ಮೈಸೂರಿನ ಮುಕ್ತ ವಿವಿ, ಇಗ್ನೊ ಇಂಥವು.

ಸೇರುವ ಮುನ್ನ, ಆ ಕೋರ್ಸಿಗೆ ಆ ವರ್ಷ ಯುಜಿಸಿಯ ದೂರಶಿಕ್ಷಣ ಮಂಡಳಿಯ ಮಾನ್ಯತೆ ಇದೆಯೇ ನೋಡಿ. ಕೆಲವೆಡೆ ಮೂಲ ಟಿಸಿ ಕೇಳುತ್ತಾರೆ, ಅದು ಆಗಲೇ ಬಿಇ ಕಾಲೇಜಿನ ಕಪಾಟು ಸೇರಿರುತ್ತದೆ. ಎರಡು ಪರೀಕ್ಷೆ ಒಂದೇ ದಿನ ಬಿದ್ದರೆ ನಿಮಗಾಗಿ ಯಾರೂ ದಿನಾಂಕ ಬದಲಿಸುವುದಿಲ್ಲ. ಒಂದು ಪೇಪರ್ ಬಿಡಲೇಬೇಕು.

ಇಷ್ಟು ಹೇಳಿದ ಮೇಲೂ ಹುಡುಗರು "ಸುಮ್ನೆ ಪಕ್ಕಕ್ಕೊಂದು ಇರ್ಲಿ ಸರ್" ಅನ್ನುತ್ತಾರಲ್ಲ, ಆ "ಸುಮ್ನೆ"ಗೇ ನನಗೆ ಸಿಟ್ಟು. ವಾಣಿಜ್ಯ ಎಲೆತುದಿಯ ಉಪ್ಪಿನಕಾಯಿಯಲ್ಲ. ಎಂಜಿನಿಯರ್‌ಗೆ ವ್ಯಾಪಾರದ ಯಾವ ಭಾಗ ಬೇಕೇಬೇಕು ಅಂತ ಯಾರೂ ಯಾಕೆ ಕೇಳುವುದಿಲ್ಲ?

ಕಾಸ್ಟಿಂಗ್. ಎರಕದ ಕಾಸ್ಟಿಂಗ್ ಅಲ್ಲ, ವೆಚ್ಚದ ಲೆಕ್ಕ.

ಬೆಂಗಳೂರಿನ ಪೀಣ್ಯದ ಒಂದು ಮಷೀನ್ ಶಾಪ್‌ಗೆ ಉಕ್ಕಿನ ಬುಷ್ (ಕೊಳವೆಯಂಥ ಬಿಡಿಭಾಗ) ಆರ್ಡರ್ ಬಂದಿದೆ ಅನ್ನಿ. ಒಂದಕ್ಕೆ 1.2 ಕೆಜಿ ಬಾರ್, ಕೆಜಿಗೆ 70 ರೂಪಾಯಿಯಂತೆ 84. ಟರ್ನಿಂಗ್‌ನಲ್ಲಿ, ಅಂದರೆ ಲೇತ್‌ನಲ್ಲಿ ಕೊರೆಯುವಾಗ, 300 ಗ್ರಾಂ ಚೂರು ಹೋಗುತ್ತದೆ, ಗುಜರಿಯಿಂದ 9 ವಾಪಸ್. ಉಳಿದದ್ದು 75. ಮಷೀನ್ ರೇಟ್ ಗಂಟೆಗೆ 600, ಒಂದು ಪೀಸಿಗೆ ಹಿಡಿಯುವ ಸೈಕಲ್ ಟೈಮ್ 5 ನಿಮಿಷ, ಅಂದರೆ 50. ಒಟ್ಟು 125 ಅಂತ ಬರೆದು, 150ಕ್ಕೆ ಕೊಟೇಶನ್ ಕೊಟ್ಟುಬಿಡುತ್ತಾರೆ. ಸೆಟ್ಟಿಂಗ್ ಎಲ್ಲಿ? ಪೀಸ್ ಹಿಡಿಯುವ ಜಾ ಬದಲಿಸಿ, ಟೂಲ್ ಆಫ್‌ಸೆಟ್ (ಟೂಲಿನ ಸ್ಥಾನದ ಅಳತೆ) ಹಿಡಿದು, ಮೊದಲ ಪೀಸ್ ಅಳೆಯಲು ಒಂದು ಗಂಟೆ ಬೇಕು. ಆ 600 ರೂಪಾಯಿ 100 ಪೀಸಿಗೆ ಹಂಚಿದರೆ ತಲಾ 6, ವೆಚ್ಚ 131. 10 ಪೀಸಿಗೆ ಹಂಚಿದರೆ ತಲಾ 60, ವೆಚ್ಚ 185. ಅದೇ ಬುಷ್, ಅದೇ ರೇಟ್. ಒಂದರಲ್ಲಿ 19 ಲಾಭ, ಇನ್ನೊಂದರಲ್ಲಿ 35 ನಷ್ಟ.

ಲಾಭ ಬಂದರೂ ದುಡ್ಡು ಕೈಗೆ ಬಂದಂತಲ್ಲ. ತಿಂಗಳ ಕೊನೆಗೆ ಬಿಲ್ ಹಾಕಿದರೆ, ತಿಂಗಳು ತಿಂಗಳು ರಿಟರ್ನ್ ಹಾಕುವ ಶಾಪ್ ಮುಂದಿನ ತಿಂಗಳ 20ನೇ ತಾರೀಕಿನೊಳಗೆ, ಇನ್‌ಪುಟ್ ಕ್ರೆಡಿಟ್ (ಕೊಂಡ ಮಾಲಿಗೆ ಆಗಲೇ ಕೊಟ್ಟ ಜಿಎಸ್‌ಟಿ) ಕಳೆದು ಉಳಿದ ಜಿಎಸ್‌ಟಿ ಕಟ್ಟಬೇಕು. ಆರ್ಡರ್ ಕೊಟ್ಟ ಪಾರ್ಟಿ ದುಡ್ಡು ಕೊಡುವುದು 60 ದಿನಕ್ಕೆ. ಆ 40 ದಿನ ಸಂಬಳ, ಕರೆಂಟ್ ಬಿಲ್ಲು ಎಲ್ಲಿಂದ?

ಇದನ್ನು ಕಲಿಯಲು ಮೂರು ವರ್ಷದ ಪದವಿಯೇ ಬೇಕಿಲ್ಲ. ಐಐಟಿಗಳು ನಡೆಸುವ ಆನ್‌ಲೈನ್ ತಾಣ ಎನ್‌ಪಿಟಿಇಎಲ್‌ನಲ್ಲಿ ಕಾಸ್ಟ್ ಅಕೌಂಟಿಂಗ್‌ನಂಥ 12 ವಾರದ ಕೋರ್ಸ್ ಹಿಡಿಯಿರಿ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ; ಸರ್ಟಿಫಿಕೇಟ್‌ಗೆ ಕ್ರಮವಾಗಿ 10 ಮತ್ತು 30 ಬರಬೇಕು. ಆಮೇಲೆ ಇಂಟರ್ನ್‌ಶಿಪ್‌ಗೆ ಹೋದ ಕಡೆ ಒಂದು ಹಳೆಯ ಕೊಟೇಶನ್ನನ್ನೂ ಅದೇ ಆರ್ಡರಿನ ಜಾಬ್ ಕಾರ್ಡನ್ನೂ (ಕೆಲಸಕ್ಕೆ ನಿಜವಾಗಿ ಹಿಡಿದ ಹೊತ್ತು ಬರೆದಿಡುವ ಚೀಟಿ) ಕೇಳಿ ಪಡೆದು, ಅಕ್ಕಪಕ್ಕ ಇಟ್ಟು ನೋಡಿ. ಸೆಟ್ಟಿಂಗ್‌ಗೆ ಕೊಟೇಶನ್‌ನಲ್ಲಿ ಲೆಕ್ಕ ಹಿಡಿದದ್ದೆಷ್ಟು, ನಿಜಕ್ಕೂ ತಗುಲಿದ್ದೆಷ್ಟು?