ಕಾಗದದ ಹುರಿ

ಭಾನುವಾರ, 12 ಅಕ್ಟೋಬರ್ 2025
ಕೋಪನ್‌ಹೇಗನ್

ಬೆಳಿಗ್ಗೆಯಿಂದ ಬೆರಳು ಉರಿಯುತ್ತಿವೆ. ಬಲಗೈಯಲ್ಲಿ ಎರಡು ಗುಳ್ಳೆ ಎದ್ದಿವೆ. ಎಲ್ಲ ಒಂದು ಕುರ್ಚಿಯ ದೆಸೆಯಿಂದ.

ಹೋದ ಶನಿವಾರ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆವು. ಅದಕ್ಕೆ ಇಲ್ಲಿ ಲೊಪ್ಪೆಮಾರ್ಕೆಡ್ ಅಂತಾರೆ. ಲೊಪ್ಪೆ ಅಂದರೆ ಚಿಗಟ. ಈ ಅರ್ಥ ಗೊತ್ತಾದ ಮೇಲೆ ನನ್ನ ಹೆಂಡತಿ ಅಲ್ಲಿಂದ ತಂದದ್ದನ್ನೆಲ್ಲ ಎರಡು ದಿನ ಬಾಲ್ಕನಿಯಲ್ಲಿ ಬಿಸಿಲಿಗೆ ಇಡಿಸುತ್ತಾಳೆ. ಬಿಸಿಲು ಬಂದರೆ. ಪಿಂಗಾಣಿ ತಟ್ಟೆ, ತುಂಡು ತುಂಡು ದೀಪಗಳ ಮಧ್ಯೆ ಬೀಚ್ ಅನ್ನುವ ಇಲ್ಲಿಯ ಮರದ ಒಂದು ಊಟದ ಕುರ್ಚಿ ಒಂಟಿಯಾಗಿ ನಿಂತಿತ್ತು. ಕೂರುವ ಜಾಗದ ಹೆಣಿಗೆ ಕಿತ್ತುಹೋಗಿ ಜೋತಾಡುತ್ತಿತ್ತು. ನೂರು ಕ್ರೋನರ್ ಅಂದರು. ಎಂಬತ್ತಕ್ಕೆ ಕೊಟ್ಟರು.

ತಲೆಕೆಳಗು ಮಾಡಿ ನೋಡಿದೆ. ಮುದ್ರೆ ಇಲ್ಲ, ಹೆಸರಿಲ್ಲ. ಹೆಸರಿದ್ದಿದ್ದರೆ ನನ್ನ ಕೈಗೆ ಸಿಗುತ್ತಿರಲಿಲ್ಲ ಬಿಡಿ. ಡೆನ್ಮಾರ್ಕಿನ ಹೆಸರಾಂತ ವಿನ್ಯಾಸಕ ಹಾನ್ಸ್ ವೇಗ್ನರ್ ಮಾಡಿದ್ದು ಅಂತ ಒಂದು ಗುರುತು ಕಂಡರೆ ಸಾಕು, ಬೆಲೆ ಎಲ್ಲಿಗೋ ಹೋಗುತ್ತೆ. ಬೂಟು ಹೊಲಿಯುವವರ ಮಗ ಆತ. ಜೀವಮಾನದಲ್ಲಿ 500ಕ್ಕೂ ಜಾಸ್ತಿ ಕುರ್ಚಿ ರೂಪಿಸಿದ. ಬೆನ್ನಿಗೆ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ಪಟ್ಟಿ ಇರುವ ಅವನ ಕುರ್ಚಿಯನ್ನು ನೀವು ಯಾವುದಾದರೂ ಕೆಫೆಯಲ್ಲಿ ನೋಡಿಯೇ ಇರುತ್ತೀರಿ, ಅಸಲಿಯೋ ನಕಲಿಯೋ. 1949ರಲ್ಲಿ ಬಿಡಿಸಿದ್ದು. ಕಾರ್ಲ್ ಹಾನ್ಸೆನ್ ಕಂಪನಿ 1950ರಿಂದ ಇವತ್ತಿನವರೆಗೂ ಅದನ್ನು ಮಾಡುತ್ತಲೇ ಇದೆ. ಅದರ ಒಂದು ಕುರ್ಚಿ ಹೆಣೆಯಲು ಸುಮಾರು 120 ಮೀಟರ್ ಹುರಿ ಬೇಕು. ಅದೂ ಕಾಗದದ ಹುರಿ!

ಮೊದಲು ನಾನೂ ನಂಬಲಿಲ್ಲ. ಕಂದು ಕಾಗದವನ್ನು ಬಿಗಿಯಾಗಿ ಹೊಸೆದು ಮಾಡಿದ ಹುರಿ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರಗಿನಿಂದ ನಾರು ಬರುವುದು ನಿಂತಾಗ, ಅದರ ಬದಲಿಗೆ ಕಾಗದವನ್ನೇ ಹೊಸೆದರಂತೆ. ಯುದ್ಧ ಮುಗಿಯಿತು, ಹುರಿ ಉಳಿಯಿತು. ಹತ್ತಾರು ವರ್ಷ ತಡೆಯುತ್ತೆ. ಕಾಫಿ ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಪಕ್ಕದ ಮನೆಯ ಅಜ್ಜಿ ಮೆಟ್ಟಿಲಲ್ಲಿ ನನ್ನ ಕುರ್ಚಿ ನೋಡಿ ನಕ್ಕರು. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಕಾಗದದ ಹುರಿಯದೇ ಆರು ಕುರ್ಚಿ ಇದ್ದವಂತೆ, ಸಹಕಾರಿ ಅಂಗಡಿಯಿಂದ ತಂದದ್ದು. ದಿನಸಿ ಮಾರುವ ಸಹಕಾರ ಸಂಘಗಳ ಒಕ್ಕೂಟ ಎಫ್‌ಡಿಬಿ, ಸಾಮಾನ್ಯ ಜನಕ್ಕೆ ಕೈಗೆಟಕುವ ಪೀಠೋಪಕರಣ ಬೇಕು ಅಂತ 1942ರಲ್ಲಿ ತನ್ನದೇ ವಿನ್ಯಾಸ ವಿಭಾಗ ತೆರೆಯಿತು. ಅದರ ಮುಖ್ಯಸ್ಥ ಬೋರ್ಗೆ ಮೋಗೆನ್ಸೆನ್. 1947ರಲ್ಲಿ ಅವನು ಮಾಡಿದ ಜೆ39 ಕುರ್ಚಿಗೆ ಜನರೇ 'ಜನರ ಕುರ್ಚಿ' ಅಂತ ಹೆಸರಿಟ್ಟರು. ನೇರ ಕಾಲು, ಬೆನ್ನಿಗೊಂದು ಅಗಲ ಪಟ್ಟಿ, ಕೂರಲು ಕಾಗದದ ಹುರಿ, ಅಷ್ಟೇ. ನಮ್ಮಲ್ಲಿ ಸೊಸೈಟಿ ಅಂಗಡಿಯಲ್ಲಿ ಸಕ್ಕರೆ, ಸೀಮೆಎಣ್ಣೆ ತಂದ ನನಗೆ, ಅಂಥ ಕಡೆ ಇಷ್ಟು ಚಂದದ ಕುರ್ಚಿ ಸಿಗುತ್ತಿತ್ತು ಅನ್ನೋದೇ ಸೋಜಿಗ.

ಮರದ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಅಪ್ಪ ದಾಂಡೇಲಿಯ ಒಂದು ಸಾಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಸಾಗವಾನಿ ನಾಟಾದ ವಾಸನೆ ಅವರ ಅಂಗಿಯಲ್ಲೇ ಇರುತ್ತಿತ್ತು. ಎರಡು ವರ್ಷದ ಹಿಂದೆ ನಾವು 1960ರ ದಶಕದ ಒಂದು ಸಾಗವಾನಿ ಸೈಡ್‌ಬೋರ್ಡ್, ಅಂದರೆ ಊಟದ ಕೋಣೆಯ ಉದ್ದನೆಯ ತಗ್ಗು ಕಪಾಟು, ಕೊಂಡಾಗ, ಜಂಬದಿಂದ ವೀಡಿಯೊ ಕಾಲಿನಲ್ಲಿ ತೋರಿಸಿದ್ದೆ.

"ಬಾಗಿಲು ತೆಗಿ. ಅಂಚು ತೋರ್ಸು," ಅಂದರು. ತೋರಿಸಿದೆ.

"ಒಳಗೆ ಪುಡಿ ಹಲಗೆ, ಮೇಲೆ ತೆಳು ಹಾಳೆ ಅಂಟಿಸಿದ್ದಾರಲ್ಲೋ. ಎಷ್ಟು ಕೊಟ್ಟೆ?"

ಎಷ್ಟು ಅಂತ ಇವತ್ತಿಗೂ ಹೇಳಿಲ್ಲ.

ಆದರೆ ಈ ವಿಷಯದಲ್ಲಿ ನಾನು ಅಪ್ಪನ ಪಕ್ಷ ಅಲ್ಲ. ಡೆನ್ಮಾರ್ಕಿನಲ್ಲಿ ಸಾಗವಾನಿ ಬೆಳೆಯುವುದಿಲ್ಲ. ಇಲ್ಲಿಯದು ಬೀಚ್, ಓಕ್. ಸಾಗವಾನಿ ಯುದ್ಧದ ನಂತರ ಥಾಯ್ಲೆಂಡ್ ಕಡೆಯಿಂದ ಹಡಗಿನಲ್ಲಿ ಬಂತು. ಇವರು ಅದನ್ನು ತೆಳು ಹಾಳೆಯಾಗಿ ಸೀಳಿದರು. ಒಂದೇ ದಿಮ್ಮಿಯ ಹಾಳೆಗಳನ್ನು ಬಂದ ಸರದಿಯಲ್ಲೇ ಜೋಡಿಸಿದರು. ನಮ್ಮ ಸೈಡ್‌ಬೋರ್ಡಿನಲ್ಲಿ ಎಡ ತುದಿಯ ಬಾಗಿಲಲ್ಲಿ ಶುರುವಾದ ಮರದ ಗೆರೆ ಬಲ ತುದಿಯವರೆಗೂ ಕಡಿಯದೆ ಹೋಗುತ್ತೆ, ಹೊಳೆ ಹರಿದ ಹಾಗೆ. ಸಂಜೆ ದೀಪ ಹಚ್ಚಿದಾಗ ನಾನು ಸುಮ್ನೆ ಅದನ್ನೇ ನೋಡುತ್ತಾ ಕೂತಿರುತ್ತೇನೆ. ಗಟ್ಟಿ ಹಲಗೆಯಲ್ಲಿ ಇದು ಆಗುತ್ತಿತ್ತಾ?

ಒಂದೇ ತಕರಾರು. ಇವರು ಎಲ್ಲವನ್ನೂ ಅಳೆದು ಮಾಡುವವರು. 1924ರಲ್ಲಿ ಇಲ್ಲಿಯ ಕಲಾ ಅಕಾಡೆಮಿಯಲ್ಲಿ ಪೀಠೋಪಕರಣದ ಪಾಠ ಶುರುಮಾಡಿದ ಕೋರೆ ಕ್ಲಿಂಟ್, ಮೊದಲು ಅಳೆಯಿರಿ, ಆಮೇಲೆ ಬಿಡಿಸಿ ಅನ್ನುವ ಪೈಕಿ. ಅವನ ಶಿಷ್ಯ ಮೋಗೆನ್ಸೆನ್ 1950ರ ದಶಕದಲ್ಲಿ ವಿನ್ಯಾಸಕಿ ಗ್ರೇಟೆ ಮೈಯರ್ ಜೊತೆ ಸೇರಿ ಮನೆಯಲ್ಲಿರುವ ಅಂಗಿ, ತಟ್ಟೆ, ಚಮಚಗಳ ಅಳತೆ ತೆಗೆದು, ಅದಕ್ಕೆ ತಕ್ಕ ಕಪಾಟು ಮಾಡಿದ. ನಮ್ಮ ಸೈಡ್‌ಬೋರ್ಡಿನ ಡ್ರಾಯರಿನಲ್ಲೂ ಫೋರ್ಕು, ಚಾಕು ಹೇಳಿ ಮಾಡಿಸಿದ ಹಾಗೆ ಕೂರುತ್ತವೆ. ಸೌಟು, ಲಟ್ಟಣಿಗೆ ಕೂರುವುದಿಲ್ಲ. ಇಡ್ಲಿ ಪಾತ್ರೆ ಮೊದಲ ದಿನದಿಂದ ಹೊರಗೇ ಇದೆ.

ಇರಲಿ, ಕುರ್ಚಿಗೆ ಬರೋಣ. ಬೀಚ್ ಮರವನ್ನು ಸಾಬೂನಿನ ಚೂರು ಕರಗಿಸಿದ ಬಿಸಿನೀರಿನಲ್ಲಿ ತೊಳೆದೆ. ಇಲ್ಲಿ ಇದು ಹಳೇ ಪದ್ಧತಿ, ವಾರ್ನಿಷ್ ಹಚ್ಚುವುದಿಲ್ಲ. ಒಣಗಿದ ಮೇಲೆ ಮರ ಮಜ್ಜಿಗೆ ಬಣ್ಣಕ್ಕೆ ತಿರುಗಿತು. ಆಮೇಲೆ ಹೆಣಿಗೆ. ಮುಂದಿನ ಪಟ್ಟಿ ಹಿಂದಿನದಕ್ಕಿಂತ ಉದ್ದ. ಹಾಗಾಗಿ ಮೊದಲು ಮುಂದಿನ ಎರಡು ಮೂಲೆಗೆ ತುಂಡು ಹುರಿ ತುಂಬಿ, ನಡುವಿನ ಜಾಗವನ್ನು ಚೌಕ ಮಾಡಿಕೊಳ್ಳಬೇಕು. ನಂತರ ಒಂದು ಪಟ್ಟಿಯ ಮೇಲಿಂದ ಹಾಯಿಸಿ, ಕೆಳಗಿನಿಂದ ಎಳೆದು, ಪಕ್ಕದ ಪಟ್ಟಿ ಸುತ್ತಿ, ಮುಂದಿನ ಮೂಲೆಗೆ. ಹೀಗೇ ನಾಲ್ಕು ಮೂಲೆ ಸುತ್ತುತ್ತಲೇ ಇರಬೇಕು. ಎಳೆ ಸಡಿಲವಾದರೆ ಐದು ಸುತ್ತು ಬಿಚ್ಚಬೇಕು. ನಾನು ಎಷ್ಟು ಸಲ ಬಿಚ್ಚಿದೆ ಅಂತ ಕೇಳಬೇಡಿ. ನಿಧಾನಕ್ಕೆ ನಾಲ್ಕು ತ್ರಿಕೋನ ಮೂಡಿದವು, ಲಕೋಟೆಯ ಹಿಂಬದಿಯ ಹಾಗೆ. ನುರಿತವರು ವೈ ಕುರ್ಚಿಯ ಹೆಣಿಗೆಯನ್ನು ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತಾರಂತೆ. ನನಗೆ ಇದು ನಾಲ್ಕನೇ ದಿನ.

ಸಂಜೆ ಅಪ್ಪನಿಗೆ ತೋರಿಸಿದೆ. ಈ ಸಲ ಕನ್ನಡಕ ಏರಿಸಿಕೊಂಡು, ಮೊಬೈಲನ್ನು ಮೂಗಿಗೇ ಹಿಡಿದು ನೋಡಿದರು. "ಇದು ಗಟ್ಟಿ ಮರ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಹೊರಸಿಗೆ ನಿಮ್ಮಜ್ಜ ಹೀಗೇ ಹಗ್ಗ ಬಿಗೀತಿದ್ದ. ನಡುವೆ ಯಾಕೆ ಖಾಲಿ ಬಿಟ್ಟಿದ್ದೀ?"

ಹುರಿ ಮುಗಿದುಹೋಗಿತ್ತು. ನಾಲ್ಕು ಬೆರಳಗಲ ಬಾಕಿ.

"ಅಳತೆ ಮಾಡದೆ ಶುರು ಮಾಡಿದ್ಯಾ?"

ಇನ್ನೊಂದು ಉಂಡೆ ಹುರಿ ತರಿಸಿದ್ದೇನೆ, ಬುಧವಾರ ಬರಬೇಕು. ಅಲ್ಲಿಯವರೆಗೆ ಆ ಸಂದಿಯಲ್ಲಿ ಮಗಳು ತನ್ನ ಕರಡಿಯನ್ನು ಸೊಂಟದವರೆಗೆ ಇಳಿಸಿ ನಿಲ್ಲಿಸಿದ್ದಾಳೆ. ಯಾರೂ ಮುಟ್ಟಬಾರದಂತೆ.